ಕೊಸರಿನ ಕೈ

ಶಾಯಿಯ ಪ್ಯಾಡು ಮರೆತು ಬಂದದ್ದು ಹೇಮಪ್ಪನಿಗೆ ಹೊಳೆಯುವ ಹೊತ್ತಿಗೆ ಬಸ್ಸು ತಳಕಲ್‌ನಲ್ಲಿ ನಿಂತಿತ್ತು.

ಮರೆತದ್ದು ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಪ್ಯಾಡಿನ ಚಿಂತೆಯಲ್ಲಿ ಕಿಟಕಿಯ ಹೊರಗೆ ನೋಡುವುದು ತಪ್ಪಿತು. ತಳಕಲ್ ಅವನ ಊರು. ಅಣ್ಣನ ಮನೆಯಲ್ಲಿ ತಾಯಿ ಮುದುಕವ್ವ ಇದ್ದಳು. ಎರಡು ವರ್ಷದಲ್ಲಿ ಹನ್ನೊಂದು ಸಲ ಈ ದಾರಿಯಲ್ಲಿ ಹೋಗಿದ್ದ, ಒಮ್ಮೆಯೂ ಇಳಿದಿರಲಿಲ್ಲ. ಇಳಿಯದಿರಲು ಪ್ರತಿ ಸಲವೂ ಒಂದು ಕಾರಣ ಸಿಗುತ್ತಿತ್ತು. ಈ ಸಲದ್ದು ಪ್ಯಾಡು.

ತೊಡೆಯ ಮೇಲೆ ಫೈಲು. ಅದರೊಳಗೆ ಮೂವತ್ತೆಂಟು ಪುಟದ ವರದಿ: ‘ಯಲಬುರ್ಗಾ ಬಸ್ ನಿಲ್ದಾಣದ ಬದಿಯ ಮಂಡಾಳದ ಅಂಗಡಿ: ಅಧ್ಯಯನ ಮತ್ತು ಸಲಹೆ’. ಕೊನೆಯ ಪುಟದಲ್ಲಿ ಒಂದು ವಾಕ್ಯ, ವಾಕ್ಯದ ಕೆಳಗೆ ಒಂದು ಖಾಲಿ ಚೌಕ. ಅಂಗಡಿಯಲ್ಲಿ ಮಂಡಕ್ಕಿ ಮಾರುವ ಯಮನೂರಮ್ಮನ ಹೆಬ್ಬೆಟ್ಟು ಆ ಚೌಕದಲ್ಲಿ ಬೀಳಬೇಕು, ಅದೂ ಇವತ್ತೇ. ನಾಳೆ ಹನ್ನೊಂದಕ್ಕೆ ವಿಶ್ವವಿದ್ಯಾಲಯದ ಸಮಿತಿ ಕೊಪ್ಪಳಕ್ಕೆ ಬರುತ್ತದೆ.

ಎಂಬತ್ತಮೂರರಲ್ಲಿ ವಿಶ್ವವಿದ್ಯಾಲಯಕ್ಕೆ ಒಂದು ಯೋಚನೆ ಬಂದಿತ್ತು. ಹಳ್ಳಿಯ ಹುಡುಗರು ನೌಕರಿ ನೌಕರಿ ಎಂದು ಅಲೆಯುವ ಬದಲು ಸ್ವಂತ ಉದ್ಯೋಗ ಮಾಡಲಿ ಎಂಬುದು ಆ ಯೋಚನೆ. ಹಾಗಾಗಿ ಬಿ.ಕಾಂ.ನ ಕೊನೆಯ ವರ್ಷಕ್ಕೆ ಉದ್ಯಮಶೀಲತೆ ಎಂಬ ಹೊಸ ವಿಷಯ ಬಂತು. ಅದನ್ನು ಕಲಿಸಲು, ನೌಕರಿಗಾಗಿ ನಾಲ್ಕು ವರ್ಷ ಅಲೆದಿದ್ದ ಹೇಮಪ್ಪನನ್ನು ತಾತ್ಕಾಲಿಕವಾಗಿ ತೆಗೆದುಕೊಂಡರು. ಸಮಿತಿ ಒಪ್ಪಿ ವಿಷಯ ಉಳಿದರೆ ಹೇಮಪ್ಪ ಕಾಯಂ. ವಿಷಯ ಹೋದರೆ ಅವನೂ ಅದರ ಹಿಂದೆ. ಪ್ರಿನ್ಸಿಪಾಲರು ಇದನ್ನು ಚಹಾ ಕುಡಿಸುತ್ತ ಹೇಳಿದ್ದರಿಂದ ಮಾತು ಖಾತ್ರಿಯಾದದ್ದು ಎಂದು ಹೇಮಪ್ಪ ತಿಳಿದಿದ್ದ.

ಉದ್ಯಮಿ ಎಂದರೆ ಅಪಾಯಕ್ಕೆ ಅಂಜದವನು ಎಂದು ಅವನು ಪಾಠ ಹೇಳುತ್ತಿದ್ದ. ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟಿನಲ್ಲಿ ಕೂರುತ್ತಿರಲಿಲ್ಲ.

ಪಕ್ಕದಲ್ಲಿ ಯಾರೋ ಧಪ್ಪೆಂದು ಕೂತರು. ಹೆಗಲ ಮೇಲಿನ ಟುವಾಲಿನಿಂದ ಸೀಟು ಝಾಡಿಸಿಯೇ ಕೂತದ್ದು. ಧೂಳು ಹೇಮಪ್ಪನ ಮೇಲೆ ಬಂತು. ಹುಚ್ಚೀರಪ್ಪ ಕಾಕಾ. ಅಣ್ಣನ ಮನೆಗೂ ಅವನ ಮನೆಗೂ ನಡುವೆ ಒಂದೇ ಗೋಡೆ.

“ಹೇಮಣ್ಣ ಅಲ್ಲೇನೋ? ಇಳಿಯಾಕ ಮರತಿ ನೋಡು. ಬಸ್ಸು ಹೊಂಟ್ತು.”

“ಯಲಬುರ್ಗಾಕ್ಕ ಹೊಂಟೀನ್ರಿ ಕಾಕಾ. ಕಾಲೇಜಿನ ಕೆಲಸ.”

“ಏನ ಕಲಸ್ತಿ ನೀನು ಕಾಲೇಜಿನ್ಯಾಗ?”

“ವ್ಯಾಪಾರ ಹೆಂಗ ಮಾಡಬೇಕು ಅಂತ.”

“ನೀ ಎಂದರ ಮಾಡೀಯೇನು?”

“ಇಲ್ಲರಿ.”

“ಮತ್ತ?”

“ಪುಸ್ತಕ ಅದಾವ.”

ಹುಚ್ಚೀರಪ್ಪ ಬಹಳ ಹೊತ್ತು ಯೋಚಿಸಿದ. ಅವನ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅದರಿಂದಲೇ ಹೇಮಪ್ಪನಿಗೆ ಕಸಿವಿಸಿಯಾದದ್ದು. ಕುಕನೂರು ಬರುವ ತನಕ ಯೋಚಿಸಿ, ಈಜು ಕಲಿಸುವ ಪುಸ್ತಕವೂ ಇರುತ್ತದೆಯೇ ಎಂದು ಕೇಳಿದ. ಇರಬಹುದು ಎಂದ ಹೇಮಪ್ಪ. ಆಮೇಲೆ ಮುದುಕ ನಿದ್ದೆಹೋದ. ತಲೆ ಬಂದು ಫೈಲಿನ ಮೇಲೆ ಬಿತ್ತು. ಹೇಮಪ್ಪ ಅಲುಗದೆ ಕೂತ. ಸರಿಸಿದರೆ ಎಚ್ಚರವಾಗುತ್ತಾನೆ, ಎಚ್ಚರವಾದರೆ ಕೇಳುತ್ತಾನೆ.

ಈ ವರ್ಷ ವಿದ್ಯಾರ್ಥಿಗಳು ನಾಲ್ಕು ಕಡೆ ಸಲಹೆ ಕೊಟ್ಟಿದ್ದರು. ಕೊಪ್ಪಳದ ದರ್ಜಿಯೊಬ್ಬನಿಗೆ, ಗಿರಾಕಿಯ ಅಳತೆಯನ್ನು ಒಮ್ಮೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟರೆ ಮತ್ತೆ ಮತ್ತೆ ತೆಗೆಯುವ ಹೊತ್ತು ಉಳಿಯುತ್ತದೆ ಎಂದಿದ್ದರು. ಜನ ದಪ್ಪಗಾಗುತ್ತಾರೆ ಎಂಬುದು ಲೆಕ್ಕಕ್ಕೆ ಬಂದಿರಲಿಲ್ಲ. ಕುಷ್ಟಗಿಯ ಸೈಕಲ್ ಅಂಗಡಿಯವನಿಗೆ ವಿಸ್ತರಣೆ ಮಾಡು ಎಂದರು. ಮಾಡಿದ, ರಸ್ತೆಯ ಕಡೆಗೆ. ಒಂದು ಲಾರಿ ಹಿಂದಕ್ಕೆ ಬಂದು ವಿಸ್ತರಣೆಯನ್ನು ಕೆಡವಿ ಹೋಯಿತು. ಗಂಗಾವತಿಯ ಅಕ್ಕಿ ವ್ಯಾಪಾರಿ ಮೂರು ತಿಂಗಳು ದಿನಾ ಚಹಾ ಕುಡಿಸಿದ. ವ್ಯಾಪಾರದ ಬಗ್ಗೆ ಒಂದಕ್ಷರ ಹೇಳಲಿಲ್ಲ. ಆ ವರದಿಯಲ್ಲಿ ಚಹಾದ ವರ್ಣನೆ ಮಾತ್ರ ಚೆನ್ನಾಗಿತ್ತು.

ಉಳಿದದ್ದು ಯಮನೂರಮ್ಮ.

ಯಲಬುರ್ಗಾದಲ್ಲಿ ಇಳಿದಾಗ ಸಣ್ಣಪ್ಪ ಕಾಯುತ್ತಿದ್ದ. ಯಲಬುರ್ಗಾದವನೇ, ವರದಿ ಬರೆದ ಮೂವರು ವಿದ್ಯಾರ್ಥಿಗಳಲ್ಲಿ ಮುಂದಾಳು. ಹುಚ್ಚೀರಪ್ಪ ಕಚೇರಿಯ ಕೆಲಸವಿದೆ ಎಂದು ಟುವಾಲು ಝಾಡಿಸುತ್ತ ಹೋದ.

“ಅಂಗಡಿ ಹೆಂಗ ನಡದೈತಿ?”

“ನಡದೈತ್ರಿ ಸರ್.”

“ಅಂದ್ರ?”

“ನಡದೈತ್ರಿ.”

ಅಂಗಡಿ ಎಂದರೆ ನಾಲ್ಕು ಕಂಬ, ಎರಡು ತಗಡು. ಮುಂದೆ ಗೋಣಿಚೀಲದ ತುಂಬ ಮಂಡಾಳ, ಹೊಟ್ಟೆ ಬಿಟ್ಟುಕೊಂಡು ಕೂತ ಸಾಹುಕಾರನ ಹಾಗೆ. ಪಕ್ಕದ ಡಬ್ಬಿಗಳಲ್ಲಿ ಪುಟಾಣಿ ಕಡಲೆ, ಶೇಂಗಾ, ಖಾರದ ಪುಡಿ. ಮೇಲೆ ವಿದ್ಯಾರ್ಥಿಗಳೇ ಬರೆದ ಬೋರ್ಡು: ‘ಯಮನೂರಮ್ಮ ಮಂಡಾಳ ಅಂಗಡಿ. ಶಾಸ್ತ್ರೀಯ ಅಳತೆ’. ಮುಂದೆ ಆರೇಳು ಹೆಂಗಸರು ನಿಂತಿದ್ದರು.

ಹೇಮಪ್ಪ ರಸ್ತೆಯ ಆಚೆ ಬದಿಯ ಬೇವಿನ ನೆರಳಲ್ಲಿ ನಿಂತುಬಿಟ್ಟ. ಎದೆಯಲ್ಲಿ ಏನೋ ಆಯಿತು. ಅದು ಸಂತೋಷ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ತಾನು ಹೇಳಿದ್ದು ಎಲ್ಲಿಯೋ ಹೋಗಿ ನಡೆಯುತ್ತಿರುವುದನ್ನು ಅವನು ನೋಡಿದ್ದು ಅದೇ ಮೊದಲು.

ವರದಿಯ ಮುಖ್ಯ ಸಲಹೆ ಕೊಸರಿನದು. ಯಮನೂರಮ್ಮ ಸೇರು ತುಂಬಿ ಅಳೆದು ಸೆರಗಿಗೆ ಸುರಿದ ಮೇಲೆ, ಎಲ್ಲರ ಹಾಗೆ, ಒಂದು ಹಿಡಿ ಮೇಲೆ ಪುಕ್ಕಟೆ ಹಾಕುತ್ತಿದ್ದಳು. ಹುಡುಗರು ಮೂರು ತಿಂಗಳು ಎದುರಿಗೆ ಕೂತು ಆ ಹಿಡಿಗಳನ್ನು ಎಣಿಸಿದರು. ದಿನಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ಚೀಲ ಎಂದು ಗೆರೆ ಎಳೆದು ತೋರಿಸಿದರು. ಕೊಸರು ಒಂದು ದುಂದು, ಅದನ್ನು ನಿಲ್ಲಿಸತಕ್ಕದ್ದು ಎಂದು ಹೇಮಪ್ಪನೇ ಆ ವಾಕ್ಯ ತಿದ್ದಿ ಕೊಟ್ಟಿದ್ದ. ‘ತಕ್ಕದ್ದು’ ಅವನದು.

ಈಗ ಯಮನೂರಮ್ಮ ಸೇರು ತುಂಬುತ್ತಿದ್ದಳು. ಹಲಗೆಯ ತುಂಡಿನಿಂದ ಮೇಲ್ಭಾಗವನ್ನು ಸಮ ಮಾಡುತ್ತಿದ್ದಳು. ಸುರಿಯುತ್ತಿದ್ದಳು. ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದಳು. ಪುಸ್ತಕದಲ್ಲಿದ್ದ ಹಾಗೇ.

ಆಮೇಲೆ ಹೇಮಪ್ಪ ಇನ್ನೊಂದನ್ನು ಕಂಡ. ಮಂಡಾಳ ಹಾಕಿಸಿಕೊಂಡ ಹೆಂಗಸರು ಸೆರಗಿಗೆ ಗಂಟು ಹಾಕುತ್ತಿರಲಿಲ್ಲ. ಬಿಚ್ಚಿದ ಸೆರಗನ್ನು ಎರಡು ಕೈಯಲ್ಲಿ ಹಿಡಿದು, ಮೋಟಾರು ಬರುತ್ತದೆಯೇ ಎಂದು ಆಚೀಚೆ ನೋಡಿ, ರಸ್ತೆ ದಾಟಿ, ಅವನ ಮುಂದೆಯೇ ಹಾದು, ಬೇವಿನ ಬುಡದಲ್ಲಿ ಬಳೆ ಇಟ್ಟುಕೊಂಡು ಕೂತ ಫಾತಿಮಾಬೀಯ ಮುಂದೆ ನಿಲ್ಲುತ್ತಿದ್ದರು. ಫಾತಿಮಾಬೀ ಪಕ್ಕದ ಬುಟ್ಟಿಗೆ ಕೈ ಹಾಕಿ ಒಂದು ಹಿಡಿ ಮಂಡಾಳ ಸೆರಗಿಗೆ ಹಾಕುತ್ತಿದ್ದಳು. ಆಗ ಗಂಟು ಬೀಳುತ್ತಿತ್ತು. ಬಂದವರು ಹೇಗೂ ಬಂದೆವಲ್ಲ ಎಂದು ಬಳೆ ನೋಡುತ್ತಿದ್ದರು.

ಹೇಮಪ್ಪ ಸಣ್ಣಪ್ಪನ ಕಡೆ ತಿರುಗಿದ. ಸಣ್ಣಪ್ಪ ಬೇವಿನ ಎಲೆಗಳನ್ನು ಅಭ್ಯಾಸ ಮಾಡುತ್ತಿದ್ದ.

“ಇದು ನಿನಗ ಗೊತ್ತಿತ್ತೇನು?”

“ನಮ್ಮ ಅಧ್ಯಯನ ಹದಿನೈದನೇ ತಾರೀಕಿಗೆ ಮುಗದಿತ್ರಿ ಸರ್. ಇದು ಹದಿನಾರರಿಂದ ಸುರುವಾಗೇತಿ.”

ಹೇಮಪ್ಪ ರಸ್ತೆ ದಾಟಿ ಬಂದದ್ದನ್ನು ಕಂಡು ಯಮನೂರಮ್ಮ ಗೋಣಿತಟ್ಟು ಕೊಡವಿ ಹಾಸಿದಳು. ಐವತ್ತರ ಹೆಂಗಸು, ಹಣೆಯ ತುಂಬ ಹುಲಿಗೆಮ್ಮನ ಭಂಡಾರ. ಹೇಮಪ್ಪ ಕೊಸರಿನ ಸಂಗತಿ ಎತ್ತಿದಾಗ ಅವಳು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಏನಿದೆ ಎಂಬುದೇ ಅವಳಿಗೆ ತಿಳಿದಿರಲಿಲ್ಲ. ಕೊಸರು ನಿಲ್ಲಿಸಿದ ಮೊದಲ ದಿನ ಕಾಲೇಜಿನವರು ಬೇಡ ಎಂದಿದ್ದಾರೆ ಅಂತ ಎಲ್ಲರಿಗೂ ಹೇಳಿದಳಂತೆ. ಕಾಲೇಜಿನವರು ಮಂಡಾಳ ತಿನ್ನುವುದಿಲ್ಲವೇ ಎಂದು ಜನ ಕೇಳಿದರಂತೆ. ಎರಡನೇ ದಿನ ಯಾರೂ ಬರಲಿಲ್ಲ. ಮೂರನೇ ದಿನ ಅವಳು ಬುಟ್ಟಿ ತುಂಬಿಕೊಂಡು ಫಾತಿಮಾಬೀ ಕಡೆ ಹೋದಳು.

“ಕಲ್ತವ್ರ ಮಾತು ಮೀರಬಾರದ್ರಿ ಮಾಸ್ತರ. ನನ್ನ ಅಂಗಡ್ಯಾಗ ಒಂದು ಕಾಳು ಕೊಸರಿಲ್ಲ, ಬೇಕಾದ್ರ ನೋಡ್ರಿ. ಇದ್ದದ್ದೆಲ್ಲ ಆಕಿ ಕಡೆ ಐತಿ.”

ಆಚೆ ಕಡೆಯಿಂದ ಫಾತಿಮಾಬೀ ಕೂಗಿದಳು. “ನಿಮ್ಮ ಹುಡುಗ್ರು ಭಾಳ ಛಲೋ ಓದ್ಯಾರ್ರಿ ಮಾಸ್ತರ. ನನ್ನ ಬಳೆ ಅಂಗಡಿಗೂ ಒಂದು ಬುಕ್ಕು ಬರಸ್ರಿ.”

ಹೆಂಗಸರು ನಕ್ಕರು. ಹೇಮಪ್ಪನೂ ನಕ್ಕ. ಅವರು ನಗುತ್ತಿರುವುದು ತನ್ನನ್ನು ಕಂಡೇ ಎಂದು ಗೊತ್ತಾದ ಮೇಲೂ ಸ್ವಲ್ಪ ಹೊತ್ತು ನಗು ನಿಲ್ಲಲಿಲ್ಲ, ಬ್ರೇಕು ಹಾಕಿದ ಮೇಲೆ ಬಸ್ಸು ಜಾರುವ ಹಾಗೆ.

ಯೋಚಿಸಿದರೆ ವರದಿಯಲ್ಲಿ ಸುಳ್ಳೇನೂ ಇರಲಿಲ್ಲ. ಅಂಗಡಿಯಲ್ಲಿ ಕೊಸರು ನಿಂತಿದೆ. ವ್ಯಾಪಾರ ಹೆಚ್ಚಿದೆ. ಇವೆರಡರ ನಡುವೆ ಒಂದು ರಸ್ತೆ ಇದೆ ಅಷ್ಟೇ. ಸಮಿತಿಯವರು ರಸ್ತೆ ದಾಟುವ ಜನರಲ್ಲ.

ಅವನು ಫೈಲು ಬಿಚ್ಚಿ ಕೊನೆಯ ಪುಟ ತೆಗೆದ. ಯಮನೂರಮ್ಮ ಏನು ಬರೆದಿದೆ ಓದ್ರಿ ಎಂದಳು. ಅವನು ಓದಿದ: “ಈ ಮೇಲ್ಕಂಡ ಸಲಹೆಗಳನ್ನು ಪಾಲಿಸಿದ್ದರಿಂದ ನನಗೆ ಪ್ರಯೋಜನವಾಗಿದೆ.”

ಅವಳು ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡು ಸಿದ್ಧ ಮಾಡಿದಳು. ಆಮೇಲೆ ಏನೋ ನೆನಪಾದವಳಂತೆ ತಡೆದಳು.

“ಇದು ಖರೆ ಐತೇನ್ರಿ?”

“ಯಾವುದು?”

“ಈಗ ನೀವು ಓದಿದ್ದು. ನನಗೇನ್ ತಿಳೀತೈತ್ರಿ, ನೀವು ಕಲ್ತವ್ರು. ನೀವು ಖರೆ ಅಂದ್ರ ನಾ ಒತ್ತತೀನಿ.”

ಹೇಮಪ್ಪ ಅವಳ ಕಣ್ಣು ನೋಡಿದ. ಅಲ್ಲಿಯೂ ವ್ಯಂಗ್ಯವಿರಲಿಲ್ಲ. ಇವತ್ತು ಯಾರ ಕಣ್ಣಲ್ಲಿಯೂ ಅದು ಸಿಗುವಂತೆ ಕಾಣಲಿಲ್ಲ. ಹೂಂ ಎಂದರೆ ಮುಗಿಯಿತು. ಅವನ ಕೆಲಸ, ಪಗಾರ, ಕೊಪ್ಪಳದಲ್ಲಿ ನೋಡಿಟ್ಟ ಎರಡು ಕೋಣೆಯ ಬಾಡಿಗೆ ಮನೆ, ಎಲ್ಲವೂ ಆ ಒಂದು ಹೂಂ ಎಂಬುದರ ಆಚೆ ನಿಂತಿದ್ದವು.

“ಪ್ಯಾಡ್ ಬರ್ಲಿ,” ಎಂದ.

ಪ್ಯಾಡು ತರಲು ಸಣ್ಣಪ್ಪ ಹೊರಟ. ಅವನ ಮಾವ ಯಾವುದೋ ಕಚೇರಿಯಲ್ಲಿ ಜವಾನ. ಸಾಹೇಬರು ಮಲಗುವ ಹೊತ್ತಾಗಿದ್ದರೆ ಪ್ಯಾಡು ಸಿಗುತ್ತದೆ, ಎದ್ದಿದ್ದರೆ ಕಾಯಬೇಕು. ಸಣ್ಣಪ್ಪ ಹೋದ ಮೇಲೆ ಯಮನೂರಮ್ಮ ಗಿರಣಿಯಲ್ಲಿ ಖಾರಕ್ಕೆ ಪಾಳಿ ಹಚ್ಚಿದ್ದು ನೆನಪಿಸಿಕೊಂಡಳು. ಈಗ ಹೋಗದಿದ್ದರೆ ಜೋಳದವರು ಮುಂದೆ ಬರುತ್ತಾರೆ. ಫಾತಿಮಾಬೀ ಊಟಕ್ಕೆ ಮನೆಗೆ ಹೊರಟಿದ್ದಳು. ಬಳೆಯ ಪೆಟ್ಟಿಗೆಗೆ ಕೀಲಿ ಹಾಕಿ, ಬುಟ್ಟಿಗೆ ಅರಿವೆ ಮುಚ್ಚಿ ಕಟ್ಟಿದ್ದಳು.

“ತುಸು ಕುಂದರ್ರಿ ಮಾಸ್ತರ. ನೀವು ಅಂಗಡಿ ಕಲಸೂವ್ರು ಅಲ್ಲೇನ್ರಿ? ನಾ ಹಿಂಗ ಹೋಗಿ ಹಿಂಗ ಬರ್ತೀನಿ.”

ಉತ್ತರಕ್ಕೆ ಕಾಯದೆ ಯಮನೂರಮ್ಮ ಡಬ್ಬಿ ಎತ್ತಿಕೊಂಡು ಹೋದಳು. ಹೇಮಪ್ಪ ಗೋಣಿತಟ್ಟಿನ ಮೇಲೆ ಕೂತ. ಪ್ಯಾಂಟು ಮಡಿಚಿ ಕೂರುವುದೇ, ಕಾಲು ಚಾಚುವುದೇ ತಿಳಿಯಲಿಲ್ಲ. ಈ ಬಗ್ಗೆ ಯಾವ ಪುಸ್ತಕದಲ್ಲಿಯೂ ಬರೆದಿರಲಿಲ್ಲ.

ಜನ ಬಂದರು. ದೂರದಿಂದ ಬರುತ್ತ, ಹತ್ತಿರವಾದಂತೆ ನಿಧಾನವಾಗಿ, ಬಿಳಿ ಅಂಗಿಯನ್ನೂ ಕಿಸೆಯಲ್ಲಿದ್ದ ಎರಡು ಪೆನ್ನುಗಳನ್ನೂ ನೋಡಿ ಹಾಗೇ ಮುಂದೆ ಸಾಗಿದರು. ಒಬ್ಬಳು ಮಾತ್ರ ಧೈರ್ಯ ಮಾಡಿ ಬಂದು, ಯಮನೂರಕ್ಕಗ ಏನಾತ್ರಿ, ಅಂಗಡಿ ಜಪ್ತಿ ಆತೇನ್ರಿ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ನಾನು ಅಂಗಡಿ ಕಾಯುತ್ತಿದ್ದೇನೆ ಎಂದ. ಅವಳು ನಂಬಲಿಲ್ಲ. ಪಾಪ, ಒಳ್ಳೆಯ ಹೆಂಗಸಾಗಿದ್ದಳು ಎನ್ನುತ್ತ ಹೋದಳು.

ಹೇಮಪ್ಪ ಪೆನ್ನುಗಳನ್ನು ತೆಗೆದು ಫೈಲಿನೊಳಗೆ ಇಟ್ಟ. ಅದರಿಂದ ಏನೂ ವ್ಯತ್ಯಾಸವಾಗಲಿಲ್ಲ. ಪೆನ್ನು ಇದ್ದದ್ದು ಕಿಸೆಯಲ್ಲಷ್ಟೇ ಅಲ್ಲವೆಂದು ತೋರುತ್ತದೆ.

ಸೇರನ್ನು ಕೈಗೆ ತೆಗೆದುಕೊಂಡ. ಹಿತ್ತಾಳೆಯದು, ಅಂಚು ಸವೆದು ನುಣ್ಣಗಾಗಿತ್ತು. ಕೈಗೆ ಅದರ ಪರಿಚಯವಿತ್ತು.

ಅವನು ಚಿಕ್ಕವನಿದ್ದಾಗ ತಾಯಿ ಕುಕನೂರ ಸಂತೆಯಲ್ಲಿ ಪುಟಾಣಿ ಮಾರುತ್ತಿದ್ದಳು. ಸಂತೆಯ ದಿನ ಅವನಿಗೆ ಶಾಲೆ ಇಲ್ಲ. ತಾಯಿ ಅಳೆದು ಹಾಕುವಳು. ಆಮೇಲೆ ಅವನ ಬೆನ್ನು ತಟ್ಟಿ, ಕೊಸರು ನನ್ನ ಮಗನ ಕೈಲೆ ಎನ್ನುವಳು. ಅವನು ತನ್ನ ಪುಟ್ಟ ಹಿಡಿ ತುಂಬ ಬಾಚಿ ಹಾಕುವನು. ಮಗುವಿನ ಕೈಯಿಂದ ಬಂದದ್ದು ಎಂದು ಜನ ಸಂತೋಷದಿಂದ ಗಂಟು ಕಟ್ಟಿಕೊಳ್ಳುವರು. ಇಡೀ ಸಂತೆಗೆ ತಾನೇ ದಾನಿ ಎಂದು ಅವನು ತಿಳಿದಿದ್ದ. ಕರ್ಣನ ಕಥೆ ಕೇಳಿದಾಗ ವಿಶೇಷವೇನೂ ಅನಿಸಿರಲಿಲ್ಲ.

ಒಂದು ಸಂತೆಯ ದಿನ ತಾಯಿ ಅವನ ಅಂಗೈ ಬಿಡಿಸಿ ನೋಡಿದಳು. ಕೈ ದೊಡ್ಡದಾತು, ಇನ್ನ ಸಂತಿ ದಿನಾನೂ ಸಾಲಿಗೆ ಹೋಗು ಎಂದಳು. ಮುಂದಿನ ವಾರದಿಂದ ತಂಗಿ ಕೂತಳು.

ಅದು ಅವನಿಗೆ ಅರ್ಥವಾದದ್ದು ಹದಿನಾಲ್ಕು ವರ್ಷದ ಮೇಲೆ, ಧಾರವಾಡದಲ್ಲಿ, ಎಂ.ಕಾಂ. ತರಗತಿಯಲ್ಲಿ, ವೆಚ್ಚ ನಿಯಂತ್ರಣದ ಪಾಠ ನಡೆದಾಗ. ಜೋರಾಗಿ ನಕ್ಕುಬಿಟ್ಟ. ಪ್ರೊಫೆಸರರು ಹೊರಗೆ ಹಾಕಿದರು. ವರಾಂಡದಲ್ಲಿ ನಿಂತು ತನ್ನ ಕೈ ನೋಡಿಕೊಂಡ. ತಾನು ದಾನಿಯಾಗಿರಲಿಲ್ಲ, ಸೇರು, ಪಾವು, ಚಟಾಕಿಗಿಂತ ಕೆಳಗಿನ ಒಂದು ಅಳತೆಯಾಗಿದ್ದ. ಬೆಳೆದ ಮೇಲೆ ಅಳತೆ ತಪ್ಪಿತು, ತೆಗೆದಿಟ್ಟರು. ಓದಿಸಿದರು ಎಂದು ತಾನು ಅಂದುಕೊಂಡದ್ದು ಇದನ್ನೇ. ಊರಿಗೆ ಹೋಗಿ ತಾಯಿಗೆ ಇದನ್ನು ಹೇಳಿ ಇಬ್ಬರೂ ನಗಬೇಕೆಂದಿದ್ದ. ಹೇಳಲಿಲ್ಲ. ಆಮೇಲೆ ಹೇಳದಿರುವುದೇ ರೂಢಿಯಾಯಿತು. ತರಗತಿಯಲ್ಲಿ ಎಷ್ಟೋ ಉದಾಹರಣೆ ಕೊಟ್ಟಿದ್ದಾನೆ, ಜಪಾನಿನದು, ಜರ್ಮನಿಯದು. ಇದನ್ನು ಕೊಟ್ಟಿಲ್ಲ.

“ಅಂಗಡಿ ಹಚ್ಚಿಬಿಟ್ಟೆಲ್ಲೋ.”

ಹುಚ್ಚೀರಪ್ಪ. ಕಚೇರಿಯಲ್ಲಿ ಕೆಲಸ ಆಗಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು. ಆದರೆ ಹೇಮಪ್ಪನನ್ನು ಕಂಡು ಅದೂ ಮರೆತಂತಿತ್ತು. ಬೆಳಗಿನಿಂದ ಇಷ್ಟರೊಳಗೆ ಕಲಿತು ಅಂಗಡಿಯನ್ನೂ ಹಾಕಿದನಲ್ಲ ಎಂಬ ಮೆಚ್ಚುಗೆ ಅವನ ಕಣ್ಣಲ್ಲಿತ್ತು. ತಳಕಲ್ ಕಡೆಯ ಬಸ್ಸು ನಿಲ್ದಾಣದಲ್ಲಿ ಗುರುಗುಡುತ್ತಿತ್ತು.

“ಒಂದು ಸೇರು ಹಾಕು. ಅರ್ಧಾ ನಮಗ, ಅರ್ಧಾ ನಿಮ್ಮವ್ವಗ. ಹಲ್ಲಿಲ್ಲ, ಹಾಲಿನ್ಯಾಗ ನೆನಸಿ ತಿಂತಾಳ.”

ಹೇಮಪ್ಪ ಸೇರು ತುಂಬಿದ. ಹಲಗೆಯ ತುಂಡಿನಿಂದ ಸಮ ಮಾಡಿದ. ಒಂದು ಕಾಳೂ ಹೆಚ್ಚಿಲ್ಲದಂತೆ, ಒಂದೂ ಕಡಿಮೆಯಿಲ್ಲದಂತೆ ಸುರಿದ. ಚೆನ್ನಾಗಿ ಬಂತು. ಬದುಕಿನ ಮೊದಲ ವ್ಯಾಪಾರ. ಹುಚ್ಚೀರಪ್ಪ ಚಿಲ್ಲರೆ ತಟ್ಟಿನ ಮೇಲಿಟ್ಟ.

ಇಟ್ಟು, ಟುವಾಲನ್ನು ಎರಡು ಕೈಯಲ್ಲಿ ಹಿಡಿದು ಹಾಗೇ ನಿಂತ.

ಹೇಮಪ್ಪ ರಸ್ತೆಯ ಆಚೆ ನೋಡಿದ. ಬೇವಿನ ಬುಡದಲ್ಲಿ ಬುಟ್ಟಿಯ ಮೇಲೆ ಅರಿವೆ ಬಿಗಿಯಾಗಿ ಕಟ್ಟಿತ್ತು.

“ಕೊಸರು ಹಾಕೋ ಹೇಮಣ್ಣ. ನಿನ್ನ ಕೈಲೆ ತಗೊಂಡು ಎಷ್ಟು ವರ್ಷಾತು.”

ಚೀಲಕ್ಕೆ ಕೈ ಹಾಕಿದ. ಮೊಣಕೈ ತನಕ ಮಂಡಾಳ ಬಿಸಿಲಿಗೆ ಬೆಚ್ಚಗಿತ್ತು. ಮಡಿಲಲ್ಲಿ ಫೈಲು ತೆರೆದೇ ಇತ್ತು. ಖಾಲಿ ಚೌಕ ಮೇಲೆ ನೋಡುತ್ತಿತ್ತು. ಈ ಅಂಗಡಿಯಲ್ಲಿ ಕೊಸರಿಲ್ಲ ಎಂಬುದೊಂದೇ ಆ ವರದಿಯಲ್ಲಿ ಉಳಿದ ಸತ್ಯ. ಅದು ಈಗ ತನ್ನ ಮುಷ್ಟಿಯಲ್ಲಿತ್ತು.

“ಎಷ್ಟು ಹಾಕಬೇಕ್ರಿ ಕಾಕಾ?”

ಹುಚ್ಚೀರಪ್ಪನಿಗೆ ಪ್ರಶ್ನೆ ತಿಳಿಯಲಿಲ್ಲ. ಮತ್ತೊಮ್ಮೆ ಕೇಳಬೇಕಾಯಿತು.

“ಕೊಸರಿಗೆ ಎಷ್ಟು ಅಂತ ಇರತೈತೇನೋ?”

ಬಸ್ಸು ಹಾರನ್ ಹೊಡೆಯಿತು. ರಸ್ತೆಯ ತುದಿಯಲ್ಲಿ ಸಣ್ಣಪ್ಪ ಕಾಣಿಸಿದ. ಪ್ಯಾಡನ್ನು ತುಂಬಿದ ಬಟ್ಟಲಿನ ಹಾಗೆ ಎರಡು ಕೈಯಲ್ಲಿ ಹಿಡಿದು ಬರುತ್ತಿದ್ದ. ಅವನ ಹಿಂದೆ ಯಮನೂರಮ್ಮ, ತಲೆಯ ಮೇಲೆ ಖಾರದ ಡಬ್ಬಿ. ಖಾರದ ಘಾಟಿಗೆ ದಾರಿಯ ಜನ ಸೀನುತ್ತ ಬದಿಗೆ ಸರಿಯುತ್ತಿದ್ದರು.

ಹೇಮಪ್ಪ ಕೈ ಹೊರಗೆ ತೆಗೆದ. ಬಿಗಿದ ಮುಷ್ಟಿ ಟುವಾಲಿನ ಮೇಲೆ ಬಂದು ನಿಂತಿತು. ಹುಚ್ಚೀರಪ್ಪ ಟುವಾಲನ್ನು ಇನ್ನಷ್ಟು ಅಗಲ ಮಾಡಿದ. ಬಿಡಬೇಕು ಎಂದುಕೊಂಡರೆ ಬೆರಳು ಇನ್ನೂ ಬಿಗಿಯಾದವು. ಮುಷ್ಟಿಯೊಳಗೆ ಮಂಡಾಳ ಚುರುಚುರು ಎಂದು ಪುಡಿಯಾಯಿತು. ಆಮೇಲೆ ಅದೂ ಕೇಳಿಸಲಿಲ್ಲ.

ಮಂಡಾಳಕ್ಕೆ ತೂಕವಿಲ್ಲ. ಮುಷ್ಟಿಯಲ್ಲಿ ಏನಾದರೂ ಇದೆಯೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ಮುದುಕ ಟುವಾಲು ಹಿಡಿದು ನಿಂತೇ ಇದ್ದ.